ಮೀರಜಿಗೆ ಹೋಗುವ ಬಸ್ಸು, ಅಥಣಿಗೆ ಬರುವ ಟ್ರ್ಯಾಕ್ಟರು

ದೀಪಾವಳಿ ಮುಗಿದು ಕಾರ್ಖಾನೆಗಳ ಹಂಗಾಮು ಶುರುವಾಗುವ ಹೊತ್ತಿಗೆ ಅಥಣಿ–ಕಾಗವಾಡ ರಸ್ತೆಯಲ್ಲಿ ಬೆಳಿಗ್ಗೆ ಆರೂವರೆಗೆ ಹೋಗಿ ನಿಂತರೆ ಒಂದು ಸೋಜಿಗ ಕಾಣುತ್ತದೆ. ಗಡಿಯಾಚೆಯ ಮೀರಜ ಕಡೆ ಮುಖ ಮಾಡಿದ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೆಗಲಿಗೊಂದು ಬ್ಯಾಗು, ಬ್ಯಾಗಿನೊಳಗೆ ರೊಟ್ಟಿ ಪಲ್ಯದ ಡಬ್ಬಿ, ಕಿವಿಯಲ್ಲಿ ಇಯರ್‌ಫೋನು. ಐಟಿಐ, ಡಿಪ್ಲೊಮಾ, ಬಿ.ಎ. ಮುಗಿಸಿದ ಹುಡುಗರು. ಕೆಲವರು ಮೀರಜ, ಕುಪವಾಡದ ಕೈಗಾರಿಕಾ ಪ್ರದೇಶಕ್ಕೆ ಹೋಗಿ ಸಂಜೆ ತಿರುಗಿ ಬರುವವರು, ಕೆಲವರು ಮೀರಜದಲ್ಲಿ ರೈಲು ಹತ್ತಿ ಪುಣೆಗೆ ಹೋದರೆ ಇನ್ನು ಹಬ್ಬಕ್ಕೇ ಬರುವವರು.

ಅದೇ ರಸ್ತೆಯಲ್ಲಿ ಎದುರಿನಿಂದ ಟ್ರ್ಯಾಕ್ಟರುಗಳು ಬರುತ್ತವೆ. ಹಿಂದಿನ ಟ್ರೇಲರಿನಲ್ಲಿ ಬಿದಿರು ಗಳ, ತಾಡಪತ್ರಿ, ನೀರಿನ ಕೊಡ, ಹಿಟ್ಟಿನ ಡಬ್ಬ, ಒಂದೆರಡು ಆಡು, ಮಕ್ಕಳು. ಇದೆಲ್ಲದರ ಮೇಲೆ ಸೆರಗು ಬಿಗಿದುಕೊಂಡು ಕೂತ ಹೆಂಗಸರು. ಮಹಾರಾಷ್ಟ್ರದ ಬೀಡ ಜಿಲ್ಲೆಯವರು, ಜತ್ತ ತಾಲ್ಲೂಕಿನವರು, ವಿಜಯಪುರದ ತಾಂಡಾಗಳವರು. ಅಥಣಿ ಸೀಮೆಯ ಕಬ್ಬು ಕಡಿಯಲು ಬಂದವರು.

ಬಸ್ಸಿನವರಿಗೆ ಇಲ್ಲಿ ಕೆಲಸವಿಲ್ಲ. ಟ್ರ್ಯಾಕ್ಟರಿನವರು ಇಲ್ಲಿಗೇ ಕೆಲಸ ಹುಡುಕಿಕೊಂಡು ಬಂದಿದ್ದಾರೆ. ಹಾಗಾದರೆ ಅಥಣಿಯಲ್ಲಿ ಕೆಲಸ ಇದೆಯೋ ಇಲ್ಲವೋ?

ಸರ್ಕಾರದ ಲೆಕ್ಕವನ್ನು ಕೇಳಿ ನೋಡೋಣ. ದೇಶದ ನಿರುದ್ಯೋಗವನ್ನು ಅಳೆಯಲು 2017–18ರಿಂದ ‘ಆವರ್ತಕ ಕಾರ್ಮಿಕ ಬಲ ಸಮೀಕ್ಷೆ’ ನಡೆಯುತ್ತಿದೆ. ಮೊದಲ ವರ್ಷವೇ ಅದು ಶೇ 6.1 ಎಂದು ಹೇಳಿ ದೊಡ್ಡ ಗದ್ದಲ ಎಬ್ಬಿಸಿತ್ತು. 2023–24ರ ಹೊತ್ತಿಗೆ ಆ ಪ್ರಮಾಣ ಶೇ 3.2ಕ್ಕೆ ಇಳಿಯಿತು. ಕರ್ನಾಟಕದ್ದು ಶೇ 3ಕ್ಕಿಂತ ಕಡಿಮೆ. ಇಲ್ಲಿಯವರೆಗೆ ಸರಿ. ಆದರೆ ಅದೇ ಪಟ್ಟಿಯಲ್ಲಿ ಬೆರಳಾಡಿಸುತ್ತ ಹೋದರೆ ಗೋವಾದಲ್ಲಿ ಶೇ 8.5, ಕೇರಳದಲ್ಲಿ ಶೇ 7.2 ಎಂದು ಕಾಣುತ್ತದೆ. ಮಧ್ಯಪ್ರದೇಶದಲ್ಲಿ ಬರೀ ಶೇ 1!

ಈ ಪಟ್ಟಿಯನ್ನು ನಂಬಿ ಗಂಟುಮೂಟೆ ಕಟ್ಟುವುದಾದರೆ ಗೋವಾದವರು ಕೆಲಸ ಹುಡುಕಿಕೊಂಡು ಕರ್ನಾಟಕಕ್ಕೆ ಬರಬೇಕು, ಕೇರಳದವರು ಮಧ್ಯಪ್ರದೇಶಕ್ಕೆ ಹೋಗಬೇಕು. ನಡೆದಿರುವುದು ತದ್ವಿರುದ್ಧ. ಗೋವಾದಲ್ಲಿ ಗೋಡೆ ಕಟ್ಟುವವನು, ಗಾರೆ ಕಲೆಸುವವನು, ಮೀನಿನ ಬುಟ್ಟಿ ಹೊರುವವನು ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಕನ್ನಡಿಗ. ವಾಸ್ಕೋದ ಬೈನಾ, ಝುವಾರಿನಗರದ ಓಣಿಗಳಲ್ಲಿ ಇಂದಿಗೂ ನಮ್ಮ ಕಡೆಯ ಮಾತು ಕಿವಿಗೆ ಬೀಳುತ್ತದೆ. ನಿರುದ್ಯೋಗ ಕಡಿಮೆ ಇರುವ ರಾಜ್ಯದಿಂದ ಅದರ ಮೂರು ಪಟ್ಟು ನಿರುದ್ಯೋಗ ಇರುವ ರಾಜ್ಯಕ್ಕೆ ಜನ ದುಡಿಯಲು ಹೋಗುತ್ತಾರೆ ಎಂದರೆ ಜನರಿಗೆ ತಲೆ ಕೆಟ್ಟಿದೆಯೇ, ಲೆಕ್ಕಕ್ಕೆ ಕೆಟ್ಟಿದೆಯೇ?

ಎರಡೂ ಅಲ್ಲ. ಲೆಕ್ಕ ಕೇಳುವ ಪ್ರಶ್ನೆ ಬೇರೆ, ಜನ ಕೇಳಿಕೊಳ್ಳುವ ಪ್ರಶ್ನೆ ಬೇರೆ.

ಸಮೀಕ್ಷೆಯಲ್ಲಿ ‘ಸಾಮಾನ್ಯ ಸ್ಥಿತಿ’ ಎಂಬುದೊಂದು ಅಳತೆ ಇದೆ. ಹಿಂದಿನ ವರ್ಷದ ಬಹುಪಾಲು ಕಾಲ ನೀವು ಕೆಲಸವಿಲ್ಲದೆ ಕೂತಿದ್ದರೂ, ಮಧ್ಯೆ ಎಲ್ಲೋ 30 ದಿನ ದುಡಿದಿದ್ದರೆ ಉದ್ಯೋಗಿಗಳ ಸಾಲಿಗೆ ಸೇರುತ್ತೀರಿ. ‘ವಾರದ ಸ್ಥಿತಿ’ ಎಂಬ ಇನ್ನೊಂದು ಅಳತೆಯಲ್ಲಿ ಇಡೀ ವಾರಕ್ಕೆ ಒಂದು ಗಂಟೆ ದುಡಿದರೂ ಸಾಕು. ಕೂಲಿಯೇ ಸಿಗಬೇಕೆಂದಿಲ್ಲ, ಮನೆಯ ಹೊಲದಲ್ಲಿ ದುಡಿದರೂ ಅದು ಉದ್ಯೋಗವೇ. ನಿರುದ್ಯೋಗಿ ಎನಿಸಿಕೊಳ್ಳಬೇಕಾದರೆ ಕೆಲಸ ಇಲ್ಲದಿದ್ದರೆ ಸಾಲದು, ಕೆಲಸ ಹುಡುಕುತ್ತಿರಬೇಕು, ಇಲ್ಲವೇ ಸಿಕ್ಕರೆ ಮಾಡಲು ತಯಾರಿರಬೇಕು. ಹುಡುಕುತ್ತ ಕೂರುವುದಕ್ಕೆ ಹೊಟ್ಟೆಗೆ ಇರಬೇಕು. ಅಕ್ಷರವೇ ಬಾರದವರಲ್ಲಿ ನಿರುದ್ಯೋಗ ಶೇ 1ಕ್ಕೂ ಕಡಿಮೆ, ಪದವೀಧರರಲ್ಲಿ ಶೇ 13ರ ಆಸುಪಾಸು ಎಂದು ಇದೇ ಸಮೀಕ್ಷೆ ಹೇಳುವುದು ಅದಕ್ಕೇ. ಬಡವನಿಗೆ ನಿರುದ್ಯೋಗಿಯಾಗಿರುವುದು ಕೈಗೆಟುಕುವ ಸಂಗತಿಯಲ್ಲ. ಗೋವಾದ, ಕೇರಳದ ಓದಿದ ಹುಡುಗ ತನಗೊಪ್ಪುವ ನೌಕರಿಗಾಗಿ ಕಾಯುತ್ತಾನೆ, ಕಾಯಲು ಅವನಿಗೆ ಮನೆಯಿದೆ. ಅವನು ಒಲ್ಲೆನೆಂದ ಗಾರೆ ಕೆಲಸಕ್ಕೆ ನಮ್ಮವನು ಹೋಗುತ್ತಾನೆ. ಕಾದು ಕೂತವನು ನಿರುದ್ಯೋಗಿಗಳ ಪಟ್ಟಿಯಲ್ಲಿರುತ್ತಾನೆ, ಊರು ಬಿಟ್ಟವನು ಉದ್ಯೋಗಿಗಳ ಪಟ್ಟಿಯಲ್ಲಿರುತ್ತಾನೆ.

ಅಥಣಿ ಕಡೆ ಇದಕ್ಕೊಂದು ನುಡಿಯೇ ಇದೆ. ಯಾವ ಮನೆಯ ಕಟ್ಟೆಯ ಮೇಲಾದರೂ ಕೂತು, ‘ಮಗಾ ಏನ್ ಮಾಡ್ತಾನ್ರಿ ಯಜಮಾನ್ರ?’ ಎಂದು ಕೇಳಿ ನೋಡಿ. ‘ಹೊಲಾ ನೋಡ್ಕೊಂಡ ಅದಾನ್ರಿ’ ಎಂಬ ಉತ್ತರ ಬರುತ್ತದೆ. ಬಿ.ಕಾಂ. ಆಗಿ ನಾಲ್ಕು ವರ್ಷವಾಗಿದೆ, ಪೊಲೀಸು, ಪಿಡಿಒ, ರೈಲ್ವೆ ಎಂದು ಪರೀಕ್ಷೆ ಬರೆದದ್ದಾಗಿದೆ, ಧಾರವಾಡದಲ್ಲಿ ರೂಮು ಮಾಡಿಕೊಂಡು ಕೋಚಿಂಗ್ ಮುಗಿಸಿ ಬಂದದ್ದಾಗಿದೆ. ಮೂರು ಎಕರೆ ಹೊಲವನ್ನು ಅಪ್ಪ ಮೊದಲೂ ನೋಡುತ್ತಿದ್ದ, ಈಗಲೂ ನೋಡುತ್ತಿದ್ದಾನೆ. ಮಗ ನೋಡುವುದಕ್ಕೆ ಅಲ್ಲಿ ಹೊಸದಾಗಿ ಏನೂ ಹುಟ್ಟಿಲ್ಲ. ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ‘ಮರೆಮಾಚಿದ ನಿರುದ್ಯೋಗ’ ಎಂದು ಹೆಸರು. ಸಮೀಕ್ಷೆಯ ನಮೂನೆಯಲ್ಲಿ ಅವನು ಸ್ವಯಂ ಉದ್ಯೋಗಿ. ಕನ್ಯೆಯ ಕಡೆಯವರ ಕಣ್ಣಿಗೆ ಮಾತ್ರ ಅವನು ಏನೂ ಅಲ್ಲ. ಈಗೀಗ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನಿರುದ್ಯೋಗದ ನಿಜವಾದ ಸಮೀಕ್ಷೆ ಮಾಡುತ್ತಿರುವವರು ಹೆಣ್ಣು ಹೆತ್ತವರು ಎಂದರೆ ತಪ್ಪಾಗಲಾರದು.

ರಾಜ್ಯ ಸರ್ಕಾರದ ‘ಯುವನಿಧಿ’ 2024ರ ಜನವರಿಯಲ್ಲಿ ಆರಂಭವಾದಾಗ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮಾಡಿದವರಿಗೆ 1,500 ರೂಪಾಯಿ ಎಂದಿತು. ಪಡೆಯಬೇಕಾದರೆ ‘ನನಗಿನ್ನೂ ಕೆಲಸ ಸಿಕ್ಕಿಲ್ಲ’ ಎಂದು ತಾನೇ ಘೋಷಿಸಬೇಕು. ಕಟ್ಟೆಯ ಮೇಲೆ ಕೂತ ಅಪ್ಪ ಬಾಯಿಬಿಟ್ಟು ಹೇಳಲು ಹಿಂಜರಿಯುವ ಮಾತನ್ನು ಮಗ ಮೊಬೈಲಿನಲ್ಲಿ ಒತ್ತಿ ಹೇಳಬೇಕು.

ಇನ್ನು ಟ್ರ್ಯಾಕ್ಟರಿನಲ್ಲಿ ಬಂದವರ ಕಡೆ ಹೋಗೋಣ.

ಕೃಷ್ಣಾ ತೀರದ ಈ ಪಟ್ಟಿಯಲ್ಲಿ ಸಕ್ಕರೆ ಕಾರ್ಖಾನೆಗಳಿಗೆ ಬರವಿಲ್ಲ. ಉಗಾರ ಖುರ್ದದ ಉಗಾರ ಶುಗರ್ ವರ್ಕ್ಸ್ 1939ರಷ್ಟು ಹಳೆಯದು. ಕಾರ್ಖಾನೆ ನಮ್ಮಲ್ಲಿ, ಅದರ ನೋಂದಾಯಿತ ಕಚೇರಿ ಸಾಂಗಲಿಯಲ್ಲಿ. ಹಲ್ಯಾಳದ ಕೃಷ್ಣಾ ಸಹಕಾರಿ, ಕೆಂಪವಾಡದ ಅಥಣಿ ಶುಗರ್ಸ್, ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಹೀಗೆ ಒಂದರ ಚಿಮಣಿಯ ಹೊಗೆ ಇನ್ನೊಂದರ ಊರಿಗೆ ಕಾಣುವಷ್ಟು ಹತ್ತಿರ. ಇಷ್ಟೂ ಕಾರ್ಖಾನೆಗಳ ಬಾಯಿಗೆ ಕಬ್ಬು ಬೀಳಬೇಕಾದರೆ ನಾಲ್ಕೈದು ತಿಂಗಳು ಸಾವಿರಾರು ಕುಡಗೋಲುಗಳು ಆಡಬೇಕು. ಊರವರು ಕಡಿಯುವುದಿಲ್ಲವೇ? ಕಡಿಯುತ್ತಾರೆ, ಊರ ಗ್ಯಾಂಗುಗಳೂ ಇವೆ. ಆದರೆ ಅವು ಸಾಲವು. ರೈತ ಅಂಗಲಾಚುವುದು ಹೊರಗಿನ ಟೋಳಿಗೆ.

ಟೋಳಿಯ ಲೆಕ್ಕ ವ್ಯಕ್ತಿಗಳಲ್ಲಿ ನಡೆಯುವುದಿಲ್ಲ, ‘ಕೊಯ್ತಾ’ಗಳಲ್ಲಿ ನಡೆಯುತ್ತದೆ. ಕೊಯ್ತಾ ಎಂದರೆ ಮರಾಠಿಯಲ್ಲಿ ಕಬ್ಬು ಕಡಿಯುವ ಕತ್ತಿ. ಆದರೆ ಟೋಳಿಯನ್ನು ಕರೆತರುವ ಮುಕಾದಮನ ವಹಿಯಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿದರೆ ಒಂದು ಕೊಯ್ತಾ. ಒಬ್ಬನೇ ಬಂದರೆ ಅರ್ಧ ಕೊಯ್ತಾ. ಹಂಗಾಮಿಗೆ ಮೊದಲೇ, ಮಳೆಗಾಲದಲ್ಲಿ ಮನೆಯ ಹಿಟ್ಟು ತೀರಿದ ಹೊತ್ತಿಗೆ, ಮುಕಾದಮ ‘ಉಚಲ’ ಕೊಟ್ಟಿರುತ್ತಾನೆ. ಅದು ಮುಂಗಡ. ಮಗಳ ಮದುವೆಗೋ, ಆಸ್ಪತ್ರೆಗೋ, ಹಳೆಯ ಸಾಲಕ್ಕೋ ಖರ್ಚಾದ ಆ ಹಣವನ್ನು ಇಲ್ಲಿ ಟನ್ನಿನ ಲೆಕ್ಕದಲ್ಲಿ ಕಡಿದು ತೀರಿಸಬೇಕು. ಒಂದು ದಿನ ಜ್ವರ ಬಂದು ಮಲಗಿದರೆ ‘ಖಾಡಾ’. ಆ ದಿನದ ಕೂಲಿಯೂ ಇಲ್ಲ, ಮೇಲೆ ದಂಡ. ತೀರದೆ ಉಳಿದದ್ದು ಮುಂದಿನ ಹಂಗಾಮಿನ ಉಚಲಕ್ಕೆ ಸೇರುತ್ತದೆ.

ಐನಾಪುರದ ಹತ್ತಿರ ಹೊಲವೊಂದರ ಬದುವಿನಲ್ಲಿ ನಿಂತು ಈ ಕೆಲಸ ನೋಡಿದ್ದೇನೆ. ಗಂಡ ಬುಡಕ್ಕೆ ಬಾಗಿ ಕಡಿಯುತ್ತಾನೆ. ಬುಡಕ್ಕೇ ಕಡಿಯಬೇಕು, ಸಕ್ಕರೆ ಹೆಚ್ಚು ಇರುವುದು ಅಲ್ಲೇ, ಒಂದು ಗೇಣು ಮೇಲೆ ಕಡಿದರೆ ರೈತ ಕೂಗಾಡುತ್ತಾನೆ. ಅದೇ ಕತ್ತಿಯಿಂದ ರವದಿ ಸವರಿ, ತುದಿಯ ಹಸಿರು ಸೋಗೆ ಕತ್ತರಿಸಿ ಒಗೆಯುತ್ತಾನೆ. ಹಿಂದೆ ಹೆಂಡತಿ ಗಳಗಳನ್ನು ಒಟ್ಟುಮಾಡಿ, ಸೋಗೆಯನ್ನೇ ಹಗ್ಗದಂತೆ ತಿರುವಿ ಹೊರೆ ಕಟ್ಟುತ್ತಾಳೆ. ಆಮೇಲೆ ಹೊರೆ ತಲೆಯ ಮೇಲೆ, ಟ್ರೇಲರಿಗೆ ಒರಗಿಸಿದ ಅಲುಗಾಡುವ ಹಲಗೆಯ ಮೇಲೆ ಹೆಜ್ಜೆ. ಹಸಿರು ಸೋಗೆಯ ಒಂದಿಷ್ಟು ಕಟ್ಟನ್ನು ಸಂಜೆ ಊರಿನ ಎಮ್ಮೆ ಸಾಕಿದವರಿಗೆ ಮಾರಿದರೆ ಅದೇ ಅವರ ದಿನದ ನಗದು: ಎಣ್ಣೆ, ಖಾರದ ಪುಡಿ, ಮಗುವಿಗೊಂದು ಬಿಸ್ಕತ್ತಿನ ಪೊಟ್ಟಣ. ಕೂಲಿಯ ದುಡ್ಡು ಎಂಬುದು ವಹಿಯಲ್ಲಿ ಮಾತ್ರ ಇರುತ್ತದೆ. ಟ್ರ್ಯಾಕ್ಟರ್ ನಡುರಾತ್ರಿಗೆ ಬಂದರೆ ನಡುರಾತ್ರಿಗೇ ಏಳಬೇಕು. ಮಗು ಬದುವಿನ ಮೇಲೆ ಸೀರೆಯ ಜೋಳಿಗೆಯಲ್ಲಿ ಮಲಗಿರುತ್ತದೆ.

ಆ ಹೆಂಗಸನ್ನು ‘ನಿಮ್ಮೂರಾಗ ಕೆಲ್ಸ ಇಲ್ಲೇನವಾ?’ ಎಂದು ಕೇಳಿದೆ. ಜತ್ತದ ಪೂರ್ವ ಭಾಗದವಳು, ಮನೆಮಾತು ಕನ್ನಡವೇ. ‘ಐತ್ರಿ’ ಎಂದಳು. ಬೆರಳು ಮಡಚುತ್ತ, ಮಳೆ ಬಂದರೆ ಸಜ್ಜೆ ಕಳೆ ತೆಗೆಯುವುದು ಒಂದು ತಿಂಗಳು, ತೊಗರಿ ಕೊಯ್ಯುವುದು ಹದಿನೈದು ದಿನ, ದ್ರಾಕ್ಷಿ ತೋಟದಲ್ಲಿ ಬಳ್ಳಿ ಸವರುವ ಚಾಟ್ನಿ ಒಂದಿಷ್ಟು ದಿನ ಎಂದು ಎಣಿಸಿದಳು. ಒಂದು ಕೈಯ ಬೆರಳು ಮುಗಿಯಲಿಲ್ಲ. ಸಮೀಕ್ಷೆಯ 30 ದಿನದ ಗೆರೆಯನ್ನು ಅವಳು ತನ್ನೂರಲ್ಲೇ ದಾಟಿದ್ದಾಳೆ. ಅವಳು ಊರು ಬಿಟ್ಟದ್ದು ಆ ಗೆರೆಯಾಚೆ ಉಳಿಯುವ ತಿಂಗಳುಗಳಿಗಾಗಿ.

ಪ್ರದೇಶ ಪ್ರದೇಶಗಳ ನಡುವಿನ ವ್ಯತ್ಯಾಸ ಎಂದರೆ ನನಗೆ ಅರ್ಥವಾಗುವುದು ಇಷ್ಟೇ: ಒಂದು ನೆಲ ವರ್ಷದಲ್ಲಿ ಎಷ್ಟು ತಿಂಗಳು ದುಡಿಸಿಕೊಳ್ಳುತ್ತದೆ. ಕೂಲಿಯ ದರವೂ ಅದರ ಮುಂದೆ ಎರಡನೆಯದು. ಬೇಕಾದರೆ ಉದ್ಯೋಗ ಖಾತ್ರಿಯ ದರ ನೋಡಿ. 2024–25ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ, ಮಹಾರಾಷ್ಟ್ರದ್ದು 297. ಐವತ್ತೆರಡು ರೂಪಾಯಿ ನಮ್ಮಲ್ಲೇ ಹೆಚ್ಚು. ಆ ಕಾರಣಕ್ಕೆ ಮೀರಜಿನ ಬಸ್ಸೇನೂ ಖಾಲಿಯಾಗಲಿಲ್ಲ. ಹೆಚ್ಚೆಂದರೆ 100 ದಿನದ ಕೆಲಸವಾಗಿತ್ತು ಅದು, ಅದೂ ಮನೆಗೆ, ಆಳಿಗಲ್ಲ. ಉಳಿದ 265 ದಿನಗಳ ಪ್ರಶ್ನೆಗೆ ಉತ್ತರವನ್ನು ಬಸ್ಸು ಹತ್ತಿಯೇ ಹುಡುಕಬೇಕಿತ್ತು.

ಉದ್ಯೋಗ ಖಾತ್ರಿ ಎಂಬ ಕಲ್ಪನೆ ಹುಟ್ಟಿದ್ದೂ ಇಲ್ಲೇ ಬಗಲಲ್ಲಿ ಎಂಬುದು ನಮ್ಮ ಕಡೆ ಹಲವರಿಗೆ ಗೊತ್ತಿಲ್ಲ. ಸಾಂಗಲಿ ಜಿಲ್ಲೆಯ ತಾಸಗಾಂವದಲ್ಲಿ 1965ರಲ್ಲಿ ವಿ.ಸ. ಪಾಗೆ ಎಂಬವರ ಪ್ರಯೋಗ ಶುರುವಾಯಿತು. ಕೆಲಸ ಕೇಳಿದವನಿಗೆ ಸರ್ಕಾರ ಅವನ ಊರ ಸುತ್ತಲೇ ಕೆಲಸ ಕೊಡಬೇಕು ಎಂಬುದು ಅದರ ತಿರುಳು. 1972ರ ಬರಗಾಲದಲ್ಲಿ ಅದು ಇಡೀ ಮಹಾರಾಷ್ಟ್ರದ ಯೋಜನೆಯಾಗಿ ಬೆಳೆಯಿತು, 1977ರಲ್ಲಿ ಕಾಯ್ದೆಯಾಯಿತು, 2005ರಲ್ಲಿ ದೇಶದ ಕಾಯ್ದೆಗೆ ಮಾದರಿಯಾಯಿತು. ಬರದ ನಾಡಿನ ಮನುಷ್ಯನಿಗೆ ಮಾತ್ರ ಹೊಳೆಯಬಹುದಾದ ಯೋಚನೆ ಅದು.

ಬರದ ಮಾತು ಬಂದದ್ದರಿಂದ ಅಥಣಿಯ ನಕಾಶೆಯನ್ನೊಮ್ಮೆ ಬಿಡಿಸಿಕೊಳ್ಳಬೇಕು. ಹೊರಗಿನವರು ಅಥಣಿ ಎಂದರೆ ಕೃಷ್ಣೆ, ಕಬ್ಬು, ಶ್ರೀಮಂತ ರೈತರು ಎಂದುಕೊಳ್ಳುತ್ತಾರೆ. ಹೊಳೆಸಾಲಿನ ಮಟ್ಟಿಗೆ ಅದು ನಿಜವೂ ಹೌದು. ಉಗಾರ, ಶೇಡಬಾಳ, ಐನಾಪುರದ ಕರಿ ಮಣ್ಣಿನಲ್ಲಿ ನಿಂತರೆ ಕಣ್ಣಿಗೆ ಹಸಿರು ಬಿಟ್ಟು ಬೇರೇನೂ ಕಾಣದು. ಅಲ್ಲಿಂದ ಪೂರ್ವಕ್ಕೆ, ಉತ್ತರಕ್ಕೆ ಹೊರಟು ಐಗಳಿ, ತೆಲಸಂಗ, ಕೊಟ್ಟಲಗಿ, ಅನಂತಪುರ, ಮದಭಾವಿ ಸೀಮೆಗೆ ಬನ್ನಿ. ಮಣ್ಣಿನ ಬಣ್ಣ ಬದಲಾಗುತ್ತದೆ, ಜಾಲಿ ಹೆಚ್ಚುತ್ತದೆ, ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಎದುರಾಗುತ್ತದೆ. ದ್ರಾಕ್ಷಿ ಹಾಕಿದವನು ಗೆದ್ದರೆ ಗೆದ್ದ, ಕೊಳವೆಬಾವಿ ಬತ್ತಿದರೆ ಸೋತ. ಕಾಗವಾಡ ಬೇರೆಯಾಗುವ ಮೊದಲು ಒಂದೇ ಆಗಿದ್ದ ತಾಲ್ಲೂಕಿನೊಳಗೆ, ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯುವಷ್ಟು ಅಂತರದಲ್ಲಿ, ಎರಡು ದೇಶಗಳಿವೆ. ಒಂದು ಆಳು ಕರೆಸಿಕೊಳ್ಳುವ ದೇಶ, ಇನ್ನೊಂದು ಆಳು ಕಳಿಸುವ ದೇಶ.

ಹಾಗೆಂದು ಹೊಳೆಸಾಲು ಸುಖವಾಗಿದೆಯೇ ಎಂದರೆ, 2019ರ ಆಗಸ್ಟ್ ತಿಂಗಳನ್ನು ಅಲ್ಲಿ ಯಾರೂ ಮರೆತಿಲ್ಲ. ಕೃಷ್ಣೆ ಮನೆಯೊಳಗೆ ಬಂದು ಕಬ್ಬನ್ನು, ಕಾಳನ್ನು, ದನವನ್ನು ಒಟ್ಟಿಗೇ ಒಯ್ದಳು.

ಒಂದೇ ಸೀಮೆಯೊಳಗಿನ ಈ ಅಂತರ ಸರ್ಕಾರದ ಲೆಕ್ಕಕ್ಕೆ ಸಿಗುತ್ತದೆಯೇ? ಕಾರ್ಮಿಕ ಬಲ ಸಮೀಕ್ಷೆಯನ್ನು 2025ರ ಜನವರಿಯಿಂದ ಬದಲಿಸಿದ್ದಾರೆ. ಈಗ ಪ್ರತಿ ತಿಂಗಳೂ ಅಂಕಿ ಬರುತ್ತದೆ, ಮಾದರಿ ಆರಿಸುವಾಗ ಜಿಲ್ಲೆಯನ್ನೇ ಮೂಲ ಘಟಕ ಮಾಡಿಕೊಂಡಿದ್ದಾರೆ. ಒಳ್ಳೆಯದೇ. ಆದರೆ ನಮ್ಮ ಜಿಲ್ಲೆ ಎಂದರೆ ಯಾವುದು? ಕಣಕುಂಬಿಯ ಮಲೆನಾಡಿನ ಮಳೆಯೂ ಬೆಳಗಾವಿಯೇ, ಕೊಟ್ಟಲಗಿಯ ಒಣ ನೆಲವೂ ಬೆಳಗಾವಿಯೇ. ಎರಡನ್ನೂ ಕೂಡಿಸಿ ಭಾಗಿಸಿದರೆ ಸಿಗುವ ಮಳೆ ಈ ಎರಡರಲ್ಲಿ ಯಾವ ಊರಿನಲ್ಲೂ ಬೀಳುವುದಿಲ್ಲ. ಈ ವಿಷಯದಲ್ಲಿ, ಪ್ರಾದೇಶಿಕ ಅಸಮತೋಲನ ಅಳೆಯಲು ನೇಮಿಸಿದ್ದ ಡಿ.ಎಂ. ನಂಜುಂಡಪ್ಪ ಸಮಿತಿ ಹೆಚ್ಚು ಜಾಣತನ ತೋರಿತ್ತು. 2002ರ ಅದರ ವರದಿ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಹಿಡಿದು ಅಳೆಯಿತು, ರಾಜ್ಯದ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಅದರಲ್ಲಿ 59 ಉತ್ತರ ಕರ್ನಾಟಕದವು, 55 ದಕ್ಷಿಣದವು. ‘ಉತ್ತರ ಎಂದರೆ ಬಡತನ, ದಕ್ಷಿಣ ಎಂದರೆ ಸಿರಿ’ ಎಂಬ ವೇದಿಕೆಯ ಮಾತಿಗೆ ಆ ಎರಡು ಅಂಕಿಗಳು ಕೊಡುವ ಉತ್ತರ ಸಾಕು. ಎರಡು ದಶಕ ದಾಟಿದ ಮೇಲೆ, 2024ರಲ್ಲಿ, ಪ್ರೊ. ಎಂ. ಗೋವಿಂದರಾವ್ ಅಧ್ಯಕ್ಷತೆಯಲ್ಲಿ ಹೊಸ ಸಮಿತಿಯೂ ಆಯಿತು.

ನೀರಿಗೂ ವಲಸೆಗೂ ಇರುವ ನಂಟನ್ನು ಈ ಗಡಿಯಲ್ಲಿ ಯಾರೂ ಯಾರಿಗೂ ಕಲಿಸಬೇಕಿಲ್ಲ. ಜತ್ತ ತಾಲ್ಲೂಕಿನ ಸುಮಾರು 40 ಹಳ್ಳಿಗಳವರು, ‘ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆ’ ಎಂದು ಹಿಂದೊಮ್ಮೆ ಠರಾವು ಮಾಡಿದ್ದರು. 2022ರ ಕೊನೆಯಲ್ಲಿ ಆ ಠರಾವು ಎರಡೂ ರಾಜ್ಯಗಳ ರಾಜಕೀಯದಲ್ಲಿ ಬೆಂಕಿಯಾಯಿತು. ಟಿ.ವಿ.ಯಲ್ಲಿ ಅದು ಭಾಷೆಯ ಜಗಳವಾಗಿ ಕಂಡಿತು. ಮೂಲದಲ್ಲಿ ಅದು ನವೆಂಬರದಲ್ಲಿ ಟ್ರ್ಯಾಕ್ಟರ್ ಹತ್ತದೆ ಮನೆಯಲ್ಲೇ ಉಳಿಯಬೇಕೆಂಬ ಆಸೆ. ನಮ್ಮ ಕಡೆಯೂ ಖಿಳೇಗಾಂವ ಬಸವೇಶ್ವರ, ಕೊಟ್ಟಲಗಿ ಅಮ್ಮಾಜೇಶ್ವರಿ ಎಂದು ದೇವರ ಹೆಸರಿನ ಏತ ನೀರಾವರಿ ಯೋಜನೆಗಳಿವೆ. ಒಣ ಹಳ್ಳಿಯ ಜನ ಅವುಗಳ ಪೈಪು ಎಲ್ಲಿಗೆ ಬಂತು ಎಂದು ಕೇಳುವಾಗ ಮಗ ಯಾವಾಗ ಬರುತ್ತಾನೆ ಎಂದು ಕೇಳಿದಂತೆಯೇ ಇರುತ್ತದೆ.

ಅಥಣಿಯವನು ಊರು ಬಿಟ್ಟರೆ ಬೆಂಗಳೂರಿಗೇಕೆ ಹೋಗುವುದಿಲ್ಲ ಎಂದು ದಕ್ಷಿಣದ ಗೆಳೆಯರು ಕೇಳುತ್ತಾರೆ. ಹೋಗುತ್ತಾನೆ, ಹೋಗುವವರು ಇದ್ದಾರೆ. ಆದರೆ ಅಥಣಿಯಿಂದ ಮೀರಜಿಗೆ ಐವತ್ತು ಚಿಲ್ಲರೆ ಕಿಲೊಮೀಟರು, ಬೆಂಗಳೂರಿಗೆ ಆರುನೂರರ ಹತ್ತಿರ. ಕಾಗವಾಡದವನಿಗಂತೂ ಮೀರಜ ಎಂದರೆ ಪಕ್ಕದ ಊರು. ಹೆರಿಗೆಗೆ, ಮೂಳೆ ಮುರಿದರೆ, ಬಂಗಾರ ಕೊಳ್ಳಲು, ರೈಲು ಹಿಡಿಯಲು ಎಲ್ಲದಕ್ಕೂ ಮೀರಜ. 1885ರಲ್ಲಿ ರಾವೆನ್‌ಸ್ಟೀನ್ ಎಂಬ ಭೂಗೋಳಜ್ಞ ಇಂಗ್ಲೆಂಡಿನ ಜನಗಣತಿ ಹಿಡಿದು ವಲಸೆಯ ನಿಯಮಗಳನ್ನು ಬರೆದ. ಹೆಚ್ಚಿನವರು ಹತ್ತಿರಕ್ಕೇ ಹೋಗುತ್ತಾರೆ ಎಂಬುದು ಒಂದು ನಿಯಮ. ಒಂದು ದಿಕ್ಕಿಗೆ ಜನ ಹರಿದರೆ ಎದುರು ದಿಕ್ಕಿಗೂ ಒಂದು ಹರಿವು ಇದ್ದೇ ಇರುತ್ತದೆ ಎಂಬುದು ಇನ್ನೊಂದು. ಅವನು ಕಾಗವಾಡ ರಸ್ತೆಯನ್ನು ಕಂಡವನಲ್ಲ, ಕಂಡಿದ್ದರೆ ಬಸ್ಸಿಗೂ ಟ್ರ್ಯಾಕ್ಟರಿಗೂ ಕೈಬೀಸುತ್ತಿದ್ದನೇನೋ.

1970ರಲ್ಲಿ ಹ್ಯಾರಿಸ್ ಮತ್ತು ಟೊಡಾರೊ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇನ್ನೊಂದು ಒಗಟು ಬಿಡಿಸಿದರು. ಆಫ್ರಿಕಾದ ಪಟ್ಟಣಗಳಲ್ಲಿ ಅಷ್ಟೊಂದು ನಿರುದ್ಯೋಗ ಇದ್ದರೂ ಹಳ್ಳಿಯವರು ಅಲ್ಲಿಗೇ ನುಗ್ಗುವುದೇಕೆ? ಅವರ ಉತ್ತರ ನಮ್ಮ ಲಾಟರಿ ಆಡುವವನ ಉತ್ತರವೇ: ಪಟ್ಟಣದ ಪಗಾರ ದೊಡ್ಡದು, ಸಿಗುವ ಸಾಧ್ಯತೆ ಸಣ್ಣದು, ಎರಡನ್ನೂ ಗುಣಿಸಿದರೆ ಹಳ್ಳಿಯ ಕೂಲಿಗಿಂತ ಜಾಸ್ತಿ ಅನ್ನಿಸಿದರೆ ಸಾಕು, ಹೆಜ್ಜೆ ಆ ಕಡೆಗೇ. ಅವರ ಸೂತ್ರದಲ್ಲಿ ಒಂದು ಬಿಟ್ಟುಹೋಗಿದೆ ಎಂದು ನನಗೆ ಅನ್ನಿಸುತ್ತದೆ. ನಮ್ಮ ಹುಡುಗರು ಅಂಕಿ ನೋಡಿ ಹೋಗುವುದಿಲ್ಲ, ಆಳು ನೋಡಿ ಹೋಗುತ್ತಾರೆ. ‘ನಮ್ಮ ಓಣ್ಯಾವ ಒಬ್ಬಾಂವ ಪಿಂಪ್ರಿಯಾಗ ಅದಾನ’ ಎಂಬ ಒಂದು ಮಾತು ಎಲ್ಲ ಗುಣಾಕಾರಕ್ಕಿಂತ ಭಾರ. ಆ ಒಬ್ಬನ ರೂಮಿನಲ್ಲಿ ಮೊದಲ ಹದಿನೈದು ದಿನ ಮಲಗಲು ಜಾಗ, ಅವನ ಸೂಪರ್‌ವೈಸರನಿಗೆ ಒಂದು ಮಾತು, ಆಮೇಲೆ ಆ ರೂಮಿನಲ್ಲಿ ಎಂಟು ಜನ. ಒಂದೊಂದು ಹಳ್ಳಿಗೆ ಒಂದೊಂದು ಊರು ಅಂಟಿಕೊಳ್ಳುವುದು ಹೀಗೆ.

ಕೈಗಾರಿಕೆ ಗಡಿಯಾಚೆಗೇ ಏಕೆ ಬೆಳೆಯಿತು ಎಂಬುದಕ್ಕೆ ಕಾರಣಗಳು ಹಲವು. ಮಹಾರಾಷ್ಟ್ರ 1962ರಲ್ಲೇ ತನ್ನ ಕೈಗಾರಿಕಾ ಅಭಿವೃದ್ಧಿ ನಿಗಮ ಮಾಡಿಕೊಂಡು ಮೀರಜ, ಕುಪವಾಡ, ಶಿರೋಲಿ, ಗೋಕುಳ ಶಿರಗಾಂವ ಎಂದು ಜಾಗ ಹಂಚುತ್ತ ಬಂತು. ಆಮೇಲೆ ಬಂದ ಕಾಗಲದ ಕೈಗಾರಿಕಾ ಪ್ರದೇಶ ನಿಪ್ಪಾಣಿಯ ತಲೆಬಾಗಿಲಲ್ಲೇ ಇದೆ. ಇಚಲಕರಂಜಿಯ ವಿದ್ಯುತ್ ಮಗ್ಗಗಳಿಗೆ 1904ರಿಂದ ಇತಿಹಾಸ. ಅವುಗಳ ಸದ್ದು ಗಡಿ ದಾಟಿ ನಮ್ಮ ಮಾಣಕಾಪುರದವರೆಗೂ ಬಂದಿದೆ. ಆದರೆ ಈ ಕಥೆಯಲ್ಲಿ ನನ್ನನ್ನು ಚುಚ್ಚುವುದು ಇವೆಲ್ಲಕ್ಕಿಂತ ಹಳೆಯ ಒಂದು ಪ್ರಸಂಗ.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯ ಮೇಷ್ಟ್ರಗಿರಿ ಬಿಟ್ಟು ಬೆಳಗಾವಿಗೆ ಬಂದು ಸೈಕಲ್ ಅಂಗಡಿ ಇಟ್ಟರು. ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಊರು ವಿಸ್ತರಿಸಬೇಕು, ಜಾಗ ಬಿಡಿ ಎಂದು ಪುರಸಭೆ ಹೇಳಿತು. ವರ್ಕ್‌ಶಾಪ್ ಕಿತ್ತುಕೊಂಡು ಎಲ್ಲಿಗೆ ಹೋಗುವುದು? ಔಂಧ ಸಂಸ್ಥಾನದ ಅರಸರು ಕುಂಡಲ್ ರೋಡ್ ಎಂಬ ರೈಲು ನಿಲ್ದಾಣದ ಹತ್ತಿರ ಪಾಪಾಸುಕಳ್ಳಿ ಬೆಳೆದ ಬರಡು ಜಾಗ ಕೊಟ್ಟರು. 1910ರಲ್ಲಿ ಅಲ್ಲಿ ಕಾರ್ಖಾನೆ ಎದ್ದಿತು. ಊರೂ ಎದ್ದಿತು, ಕಿರ್ಲೋಸ್ಕರವಾಡಿ. ಇಂದು ಅದು ಸಾಂಗಲಿ ಜಿಲ್ಲೆಯಲ್ಲಿದೆ. ನಮ್ಮ ಜಿಲ್ಲೆಯಿಂದ ಮೊದಲು ವಲಸೆ ಹೋದದ್ದು ಕೆಲಸಗಾರರಲ್ಲ, ಕೆಲಸವೇ. ಅದರ ಬೆನ್ನು ಹತ್ತಿ ಹೋಗಲು ಬಸ್ಸುಗಳು ಆಮೇಲೆ ಬಂದವು.

ರೈಲಿನ ಮಾತೂ ಇಲ್ಲಿ ಸುಮ್ಮನೆ ಬಂದಿಲ್ಲ. ಮೀರಜ–ಲೋಂಡಾ ಮಾರ್ಗ ಶೇಡಬಾಳ, ಉಗಾರ, ಕುಡಚಿಗಳನ್ನು ಮುಟ್ಟಿಕೊಂಡು ಹೋಗುತ್ತದೆ. ಅಥಣಿ ಪಟ್ಟಣಕ್ಕೆ ಇಂದಿಗೂ ರೈಲಿಲ್ಲ. ಶೇಡಬಾಳದಿಂದ ಅಥಣಿ ಮೇಲೆ ವಿಜಯಪುರಕ್ಕೆ ಹಳಿ ಹಾಕಿ ಎಂಬ ಬೇಡಿಕೆಯನ್ನು ಕೇಳುತ್ತಲೇ ಒಂದು ತಲೆಮಾರು ನಿವೃತ್ತಿಯಾಗಿದೆ.

ಗಡಿ ಎಂಬುದು ದಿನವೂ ಕಾಣುವ ಗೆರೆಯಲ್ಲ. 2020ರ ಲಾಕ್‌ಡೌನ್ ಅದನ್ನು ಕಾಣಿಸಿತು. ನಿಪ್ಪಾಣಿಯ ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ ಮುಂಬಯಿ, ಪುಣೆಯಿಂದ ಬಂದ ನಮ್ಮವರೇ ನಮ್ಮೂರಿಗೆ ಬರಲು ಪಾಸು ತೋರಿಸಿ ನಿಲ್ಲಬೇಕಾಯಿತು. ಅದಕ್ಕೇ 2024ರ ಜುಲೈಯಲ್ಲಿ, ಖಾಸಗಿ ಕೈಗಾರಿಕೆಗಳಲ್ಲಿ ಸ್ಥಳೀಯರಿಗೆ ಮೀಸಲು ಎಂಬ ಮಸೂದೆಗೆ ನಮ್ಮ ಸಚಿವ ಸಂಪುಟ ಒಪ್ಪಿಗೆ ಕೊಟ್ಟು, ಎರಡೇ ದಿನದಲ್ಲಿ ತಡೆಹಿಡಿದಾಗ, ನನಗೆ ಬೆಂಗಳೂರಿನ ಕಂಪನಿಗಳ ಗೊಣಗಾಟಕ್ಕಿಂತ ಕಾಗವಾಡದ ಬಸ್ಸು ನೆನಪಾಯಿತು. ‘ಇಲ್ಲಿಯ ಕೆಲಸ ಇಲ್ಲಿಯವರಿಗೇ’ ಎಂಬ ಮಾತು ವಿಧಾನಸೌಧದ ಮುಂದೆ ಕೇಳಿದರೆ ಹಿತ. ಅದೇ ಮಾತನ್ನು ಕುಪವಾಡದ ಗೇಟಿನಲ್ಲಿ ಯಾರಾದರೂ ಮರಾಠಿಯಲ್ಲಿ ಹೇಳಿದರೆ? 1960ರ ದಶಕದ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಅದನ್ನು ಹೇಳಿದ್ದರು, ಕನ್ನಡಿಗರ ಹೋಟೆಲುಗಳ ಗಾಜು ಒಡೆದದ್ದು ಆಗಲೇ. ಕನ್ನಡಿಗರಿಗೆ ಕೆಲಸ ಸಿಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಗಡಿಯ ತಾಲ್ಲೂಕಿನವನು ಆ ಕಾನೂನಿನ ಎರಡೂ ಮಗ್ಗುಲಲ್ಲಿ ನಿಂತಿರುತ್ತಾನೆ.

ಊರಲ್ಲೇ ಉಳಿದ ಕೆಲಸವೂ ಒಂದಿದೆ, ಅದನ್ನು ಹೇಳದಿದ್ದರೆ ಅಥಣಿಯ ಕಥೆ ಆಗುವುದಿಲ್ಲ. ಚಪ್ಪಲಿ. ಜಗತ್ತು ಕೊಲ್ಲಾಪುರಿ ಎಂದು ಕರೆಯುವ ಚಪ್ಪಲಿಯ ದೊಡ್ಡ ಪಾಲು ತಯಾರಾಗುವುದು ಅಥಣಿ, ಮದಭಾವಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಮನೆಗಳಲ್ಲಿ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮ. ಅಟ್ಟೆ ಕತ್ತರಿಸುವುದು ಗಂಡಸರು. ಮೇಲಿನ ಪಟ್ಟಿಗೆ ಜಡೆ ಹೆಣೆಯುವುದು, ಸಣ್ಣ ಕುಸುರಿ, ಇವೆಲ್ಲ ಹೆಂಗಸರ ಕೈ. ಸಾಂಪ್ರದಾಯಿಕ ಜೋಡಿನಲ್ಲಿ ಒಂದು ಮೊಳೆಯೂ ಇರುವುದಿಲ್ಲ, ಹೊಲಿಗೆಗೂ ಚರ್ಮದ ದಾರವೇ. 1990ರ ದಶಕದ ಕೊನೆಯಲ್ಲಿ ಇಲ್ಲಿಯ ಹೆಂಗಸರು ಸಂಘ ಕಟ್ಟಿಕೊಂಡು ‘ಟೋಹೋಲ್ಡ್’ ಹೆಸರಿನಲ್ಲಿ ನೇರವಾಗಿ ವಿದೇಶಕ್ಕೇ ಮಾರತೊಡಗಿದರು. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಜಂಟಿಯಾಗಿ ಸಿಕ್ಕಿತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಅಂಥದೇ ಚಪ್ಪಲಿ ತೋರಿಸಿ ಬೈಸಿಕೊಂಡಿತು. ಪತ್ರಿಕೆಗಳಲ್ಲಿ ಕೊಲ್ಲಾಪುರದ ಹೆಸರು ಮೆರೆಯಿತು, ಅಥಣಿಯದು ಅಲ್ಲೊಂದು ಇಲ್ಲೊಂದು ಸಾಲು.

ಚಪ್ಪಲಿಯ ಓಣಿಯಲ್ಲಿ ವರ್ಷದ ಹನ್ನೆರಡು ತಿಂಗಳೂ ಸುತ್ತಿಗೆಯ ಸದ್ದು ಇರುತ್ತದೆ, ಮಳೆಗಾಲದಲ್ಲಿ ಮಾತ್ರ ಚರ್ಮ ಒಣಗದೆ ತುಸು ಮಂಕು. ನನ್ನ ಅಳತೆಯ ಪ್ರಕಾರ ಇಲ್ಲಿಂದ ಯಾರೂ ಹೋಗಬಾರದು. ಆದರೂ ಹುಡುಗರು ಹೋಗುತ್ತಿದ್ದಾರೆ. ಕೇಳಿದರೆ ಮೊದಲು ಸುಮ್ಮನಿರುತ್ತಾರೆ. ಆಮೇಲೆ ಒಬ್ಬ ಹೇಳಿದ: ‘ಪುಣೆಯಾಗ ಏನ್ ಕೆಲ್ಸ ಮಾಡ್ತಿ ಅಂತ ಕೇಳ್ತಾರ್ರಿ. ಇಲ್ಲೆ ಯಾರ ಪೈಕಿ ಅಂತ ಕೇಳ್ತಾರ.’ ಇದಕ್ಕೆ ಯಾವ ಸಮೀಕ್ಷೆಯಲ್ಲೂ ಕಾಲಂ ಇಲ್ಲ. ಊರು ಬಿಡುವವರಲ್ಲಿ ಕೆಲಸ ಹುಡುಕಿಕೊಂಡು ಹೋಗುವವರಷ್ಟೇ, ಹೆಸರಿಗೆ ಅಂಟಿದ್ದನ್ನು ಕೊಡವಿಕೊಳ್ಳಲು ಹೋಗುವವರೂ ಇದ್ದಾರೆ.

ಕಳೆದ ಹಂಗಾಮಿನ ಸುರುವಿಗೆ, ‘ಹೊಲಾ ನೋಡ್ಕೊಂಡ ಅದಾನ್ರಿ’ ಎಂದಿದ್ದ ಯಜಮಾನರೊಬ್ಬರು ಅಥಣಿಯ ಸಂತೆಯಲ್ಲಿ ಸಿಕ್ಕರು. ಬಗಲಲ್ಲಿ ಲಗ್ನಪತ್ರಿಕೆಯ ಕಟ್ಟು. ಮಗನ ಮದುವೆ. ಪತ್ರಿಕೆಯಲ್ಲಿ ವರನ ಹೆಸರಿನ ಮುಂದೆ ಬಿ.ಕಾಂ. ಎಂದಿತ್ತು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಪುಣೆ’. ನಾಲ್ಕು ತಿಂಗಳ ಹಿಂದೆ ಹೋದನಂತೆ, ಯಾವುದೋ ಗೋದಾಮಿನಲ್ಲಿ ಸ್ಕ್ಯಾನ್ ಮಾಡುವ ಕೆಲಸ, ಓಣಿಯ ಹುಡುಗನ ರೂಮಿನಲ್ಲೇ ಇದ್ದಾನಂತೆ.

‘ಪಗಾರ ಎಷ್ಟಂತ ಬೀಗ್ರು ಕೇಳಲೇ ಇಲ್ ನೋಡ್ರಿ’ ಎಂದು ನಕ್ಕರು. ‘ಎಲ್ಲಿ ಅದಾನ ಅಂತ ಕೇಳಿದ್ರು, ಪುಣೆ ಅಂದ್ನಿ, ಮುಗೀತ.’

‘ಹೊಲಾ ಯಾರ್ ನೋಡ್ತಾರ ಈಗ?’ ಎಂದೆ.

‘ಹೊಲದಾಗ ಏನೈತ್ರಿ ನೋಡೂದು. ಕಬ್ಬ ಕಟಾವಿಗೆ ನಿಂತೈತಿ. ಬೀಡದ ಟೋಳಿ ಇನ್ನಾ ಬಂದಿಲ್ಲ. ದಿನಾ ಮುಕಾದಮಗ ಫೋನ್ ಹಚ್ಚಾಕತ್ತೀನಿ, ಎತ್ತವಲ್ಲ’ ಎಂದು ಜೇಬಿನಿಂದ ಮೊಬೈಲು ತೆಗೆದು ಮತ್ತೊಮ್ಮೆ ಕಿವಿಗಿಟ್ಟುಕೊಂಡರು.